ಬಚ್ಚಲಿಗೆ ಬರುವ ಹುಳಹಾವು

ಕೇಳುಗರೇ, ನಮಸ್ಕಾರ. ಮಳೆ ಹಿಡಿದ ಮೇಲೆ ಬಚ್ಚಲಿನ ಮೂಲೆಯಲ್ಲಿ ಕರಿದಾರದಂಥದ್ದೊಂದು ಮಿರಮಿರನೆ ಹರಿದಾಡುವುದನ್ನು ನೀವು ಕಂಡಿರಬಹುದು. ಎರೆಹುಳು ಎಂದು ಕೆಲವರು ಉಪ್ಪು ಹಾಕುತ್ತಾರೆ, ನಾಗರಮರಿ ಎಂದು ಕೆಲವರು ಪೊರಕೆಯಲ್ಲಿ ಬಡಿಯುತ್ತಾರೆ. ಅದು ಹುಳಹಾವು. ಕುರುಡು ಹಾವು ಅಂತಲೂ ಹೇಳುತ್ತೇವೆ. ವಿಷವಿಲ್ಲ. ನಮ್ಮನ್ನು ಕಚ್ಚುವಷ್ಟು ಬಾಯಿಯೂ ಅದಕ್ಕಿಲ್ಲ.

ಎರೆಹುಳುವಿನ ಮೈತುಂಬ ಉಂಗುರ, ಮೇಲೆ ಲೋಳೆ. ಹಿಗ್ಗಿ ಕುಗ್ಗಿ ಮುಂದೆ ಸಾಗುತ್ತದೆ. ಹುಳಹಾವಿನ ಮೈ ಒಣಗಿದ್ದು, ನುಣುಪು. ಅಂಕುಡೊಂಕಾಗಿ ಹರಿಯುತ್ತದೆ, ಸೀಳುನಾಲಿಗೆ ಚಾಚುತ್ತದೆ. ಉದ್ದ ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್. ಕಣ್ಣೆಂದರೆ ಹುರುಪೆಯ ಅಡಿಯ ಎರಡು ಕಪ್ಪು ಚುಕ್ಕೆ. ಬೆಳಕು, ಕತ್ತಲೆ ತಿಳಿದರೆ ಅದಕ್ಕೆ ಸಾಕು. ನಾಗರಮರಿಯಾದರೋ ಮೊಟ್ಟೆಯೊಡೆದಾಗಲೇ ಗೇಣುದ್ದಕ್ಕೂ ಮಿಕ್ಕಿರುತ್ತದೆ, ಹೆಡೆಯನ್ನೂ ಎತ್ತುತ್ತದೆ. ಕಣ್ಣು ಎದ್ದು ಕಾಣುವ ಮರಿಹಾವು ಯಾವುದೇ ಇರಲಿ, ದಯವಿಟ್ಟು ಕೈ ಹಾಕಬೇಡಿ.

ಹುಳಹಾವಿನ ಬಾಲದ ತುದಿಯಲ್ಲಿ ಒಂದು ಚಿಕ್ಕ ಮುಳ್ಳಿದೆ. ಮಣ್ಣಿನಲ್ಲಿ ಮುಂದಕ್ಕೆ ತಳ್ಳಿಕೊಳ್ಳಲು ಅದೇ ಊರುಗೋಲು. ಕೈಯಲ್ಲಿ ಹಿಡಿದರೆ ಅದನ್ನು ಒತ್ತುತ್ತದೆ. ಚುಚ್ಚಿದಂತಾಗಿ ಜನ ‘ಕಚ್ಚಿತು’ ಎಂದು ಹೆದರುವುದು ಇದಕ್ಕೇ.

ಇರುವೆ, ಗೆದ್ದಲುಗಳ ಮೊಟ್ಟೆ ಮರಿಗಳೇ ಇದರ ಆಹಾರ. ಹಾಗಾಗಿ ತೇವದ ಸಡಿಲ ಮಣ್ಣು, ತರಗೆಲೆ, ಗೊಬ್ಬರದ ಗುಂಡಿ, ಹೂಕುಂಡದ ಅಡಿ ಇದರ ಮನೆ. ಬಿಲಕ್ಕೆ ನೀರು ನುಗ್ಗಿದಾಗ ಮೇಲೆ ಬರುತ್ತದೆ, ನೀರು ಹೋಗುವ ತೂತಿನಿಂದ ಒಳಗೂ ಬರುತ್ತದೆ.

ಇನ್ನೊಂದು ಸೋಜಿಗ ಹೇಳಲೇಬೇಕು. ಈ ಜಾತಿಯಲ್ಲಿ ಎಲ್ಲವೂ ಹೆಣ್ಣೇ. ಬೇರೆ ಹಾವುಗಳ ಜೀವಕೋಶದಲ್ಲಿ ವರ್ಣತಂತುಗಳ, ಅಂದರೆ ವಂಶಗುಣ ಹೊತ್ತ ಎಳೆಗಳ, ಎರಡು ಕಟ್ಟುಗಳಿದ್ದರೆ ಇದಕ್ಕೆ ಮೂರು. ಗಂಡಿಲ್ಲದೆಯೇ ಅಕ್ಕಿಕಾಳಿನಂಥ ಕೆಲವೇ ಮೊಟ್ಟೆಗಳನ್ನಿಟ್ಟು ತನ್ನಂಥದ್ದೇ ಮರಿ ಮಾಡುತ್ತದೆ. ಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಹಡಗು ಹತ್ತಿದರೂ ಸಾಕು, ಹೊಸ ನಾಡಿನಲ್ಲಿ ಸಂತತಿ ಶುರು. ವಿಶಾಖಪಟ್ಟಣದ ಹಾವನ್ನು ಆಧಾರವಾಗಿಟ್ಟುಕೊಂಡು 1803ರಲ್ಲಿ ವೈಜ್ಞಾನಿಕ ಹೆಸರು ಪಡೆದ ಈ ಜೀವಿ ಇಂದು ಹವಾಯಿ, ಫ್ಲೋರಿಡಾಗಳಲ್ಲೂ ಇದೆ.

ಮನೆಯೊಳಗೆ ಕಂಡರೆ ಒಂದು ದಪ್ಪ ಕಾಗದವನ್ನು ಮುಂದೆ ಹಿಡಿದು, ಮೆಲ್ಲಗೆ ಅದರ ಮೇಲೆ ಹತ್ತಿಸಿ, ಡಬ್ಬಿಗೆ ಜಾರಿಸಿ. ಬಿಸಿಲಿಗೆ, ಸಿಮೆಂಟಿನ ಮೇಲೆ ಬಿಡಬೇಡಿ. ಮೈ ಒಣಗಿ ಬೇಗ ಸಾಯುತ್ತದೆ. ನೆರಳಿನ ಒದ್ದೆಮಣ್ಣಿನಲ್ಲಿ, ತರಗೆಲೆಯ ಕೆಳಗೆ ಬಿಡಿ. ಫಿನಾಯಿಲ್, ಸೀಮೆಎಣ್ಣೆ ಸುರಿಯುವ ಅಗತ್ಯವಿಲ್ಲ. ಬಚ್ಚಲಿನ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ಗೋಡೆಗೆ ಒತ್ತಿಕೊಂಡ ಕುಂಡಗಳನ್ನು ಒಂದೆರಡು ಅಡಿ ಆಚೆಗಿಡಿ.