ಸಮುದ್ರದ ಹೋಟ್ಲಿಗೆ ಹೋದ್ರೆ ಮೊದ್ಲು ಕಿಟಕಿ ತೆಗೀರಿ

ನಮಸ್ಕಾರ. ಸಮುದ್ರದ ಪಕ್ಕ ಇರೋ ಹಳೇ ಕಾಲದ ದೊಡ್ಡ ಹೋಟ್ಲಲ್ಲಿ ಒಂದು ವೀಕೆಂಡ್ ಕಳೆಯೋದರ ಬಗ್ಗೆ ಹತ್ತು ನಿಮಿಷ ಮಾತಾಡಿ ಸಾರ್ ಅಂದ್ರು ಈ ಕಾರ್ಯಕ್ರಮದೋರು. ನಾನು ಟ್ರಾವೆಲ್ ಏಜೆಂಟ್ ಅಲ್ಲ. ಮೂವತ್ತು ವರ್ಷ ಬೆಂಗ್ಳೂರಲ್ಲಿ ಹಳೇ ಕಟ್ಟಡ ರಿಪೇರಿ ಮಾಡ್ಕೊಂಡು ಬಂದಿರೋ ಸಿವಿಲ್ ಇಂಜಿನಿಯರ್, ಬಸವನಗುಡಿ ಮಲ್ಲೇಶ್ವರದ ಗಾರೆ ಗೋಡೆ ಕೆರೆದೂ ಕೆರೆದೂ ತಲೆ ಬೆಳ್ಳಗಾದೋನು. ಒಂದು ಚೀಟಿ ಬೇರೆ ಕೊಟ್ಟಿದಾರೆ, ಅದರಲ್ಲಿ ಊಟ, ವೀಸಾ, ನೋಡೋ ಜಾಗ ಅಂತೆಲ್ಲ ಬರ್ದಿದೆ. ಹೇಳ್ತೀನಿ, ಎಲ್ಲಾ ಹೇಳ್ತೀನಿ. ಅದಕ್ಕೆ ಮುಂಚೆ ಒಂದೇ ಒಂದು ಮಾತು, ಒಗ್ಗರಣೆ ಹಾಕ್ತಾ ಕೇಳ್ತಿರೋರು ಉರಿ ಸ್ವಲ್ಪ ಸಣ್ಣ ಮಾಡ್ಕೊಳ್ಳಿ. ರೂಮಿಗೆ ಕಾಲಿಟ್ಟ ತಕ್ಷಣ ಏಸಿ ರಿಮೋಟ್ ಹುಡುಕ್ಬೇಡಿ. ಕಿಟಕಿ ತೆಗೀರಿ.

ನನಗೆ ಗೊತ್ತಿರೋ ಹೋಟ್ಲನ್ನೇ ಇಟ್ಕೊಂಡು ಹೇಳ್ತೀನಿ. ಶ್ರೀಲಂಕಾದ ಕೊಲಂಬೋದಲ್ಲಿ ಗಾಲ್ ಫೇಸ್ ಹೋಟೆಲ್ ಅಂತ ಇದೆ. ಬೆಂಗ್ಳೂರಿಂದ ವಿಮಾನದಲ್ಲಿ ಹೆಚ್ಚೂ ಕಮ್ಮಿ ಒಂದೂವರೆ ಗಂಟೆ, ವಾಚ್ ಟೈಮ್ ಕೂಡ ಬದಲಾಯಿಸ್ಬೇಕಾಗಿಲ್ಲ, ನಮ್ಮದೇ ಟೈಮ್ ಅಲ್ಲೂ. 1864ರಲ್ಲಿ ಶುರುವಾದ ಹೋಟ್ಲು ಅದು. 1864 ಅಂದ್ರೆ ಯಾವಾಗ ಅಂತ ಹೊಳೀಬೇಕಲ್ಲ, ನಮ್ಮ ಕಂಟೋನ್ಮೆಂಟ್ ಸ್ಟೇಷನ್ನಿಗೆ ಮೊದ್ಲ ರೈಲು ಬಂದಿದ್ದು ಆ ವರ್ಷ, ಈಗ ಹೈಕೋರ್ಟ್ ಇದೆಯಲ್ಲ ಕೆಂಪು ಅಠಾರಾ ಕಚೇರಿ, ಅದನ್ನ ಕಟ್ಟಿ ಮುಗಿಸಿದ್ದು 1868ರಲ್ಲಿ. ಸೂಯೆಜ್ ಕಾಲುವೆ ಇನ್ನೂ ತೆಗೆದಿರ್ಲಿಲ್ಲ, ಅದು 1869. ಕಾಲುವೆ ಆದ್ಮೇಲೆ, ಬರ್ತಾ ಬರ್ತಾ ಯುರೋಪಿಂದ ಪೂರ್ವಕ್ಕೆ ಹೋಗೋ ಎಷ್ಟೋ ಹಡಗು ಕೊಲಂಬೋದಲ್ಲಿ ನಿಲ್ಲಕ್ಕೆ ಶುರುವಾಯ್ತು, ಹೋಟ್ಲಿಗೆ ಸುಗ್ಗಿ.

ಈಗ ನನ್ನ ಪಾಯಿಂಟ್ ನೋಡಿ. 1864ರಲ್ಲಿ ಪ್ರಪಂಚದಲ್ಲಿ ಎಲ್ಲೂ ಕರೆಂಟ್ ಫ್ಯಾನ್ ಇರ್ಲಿಲ್ಲ. ಎಲ್ಲೂ! ಅದು ಬಂದಿದ್ದು 1880ರ ದಶಕದಲ್ಲಿ. ಏಸಿ ಮಾಡಿದ್ದು 1902ರಲ್ಲಿ. ನಮ್ಮ ಬೆಂಗ್ಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದೇ 1905ರಲ್ಲಿ. ಹಂಗಾದ್ರೆ ಆ ಸೆಖೆ ಊರಲ್ಲಿ, ಮೂರು ಪದರ ಬಟ್ಟೆ ಹಾಕ್ಕೊಂಡು ಓಡಾಡೋ ಆ ಕಾಲದ ದೊರೆಗಳು ದೊರೆಸಾನಿಗಳು ಬೆವರಲ್ಲಿ ಕರಗಿ ಹೋಗ್ದೆ ಹೆಂಗಿದ್ರು? ಸೂರಿಗೆ ನೇತು ಹಾಕಿದ ಬಟ್ಟೆ ಪಂಖಾನ ಹಗ್ಗ ಕಟ್ಟಿ ಎಳೆಯೋರು ಇರ್ತಿದ್ರು, ಆ ಪಾಪದೋರ ಕಥೆ ಬೇರೆ. ಆದ್ರೆ ಅಸಲಿ ಕೆಲಸ ಮಾಡ್ತಿದ್ದಿದ್ದು ಕಟ್ಟಡ. ಎತ್ತರದ ಸೂರು, ದಪ್ಪ ಗೋಡೆ, ಬಿಸಿಲು ಗೋಡೆಗೆ ನೇರ ಬೀಳ್ದಂಗೆ ಅಗಲದ ವರಾಂಡ, ಸಮುದ್ರದ ಕಡೆ ಉದ್ದುದ್ದ ಕಿಟಕಿ, ಅದಕ್ಕೆ ಎದುರಾಗಿ ಬಾಗ್ಲು, ಮೇಲ್ಗಡೆ ಗವಾಕ್ಷಿ. ಹಗಲು ನೆಲ ಬೇಗ ಕಾಯುತ್ತೆ, ನೀರು ನಿಧಾನಕ್ಕೆ ಕಾಯುತ್ತೆ, ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತೆ, ಆ ಜಾಗ ತುಂಬಕ್ಕೆ ಸಮುದ್ರದ ತಂಪು ಗಾಳಿ ಓಡಿ ಬರುತ್ತೆ. ರಾತ್ರಿ ಉಲ್ಟಾ. ಸ್ಕೂಲಲ್ಲಿ ಓದಿರೋದೇ, ಪರೀಕ್ಷೆ ಮುಗಿದ ದಿನ ಮರ್ತಿದೀವಿ. ಸಮುದ್ರದ ಪಕ್ಕದ ಹಳೇ ಹೋಟ್ಲು ಅಂದ್ರೆ ಇಟ್ಟಿಗೆ ಸುಣ್ಣ ಮರದಲ್ಲಿ ಮಾಡಿದ ಗಾಳಿ ಮಷೀನು. ನೀವು ಅಷ್ಟು ದುಡ್ಡು ಕೊಟ್ಟು ಹೋಗಿ ಆ ಮಷೀನಿನ ಸ್ವಿಚ್ ಆಫ್ ಮಾಡ್ತೀರ. ಆಮೇಲೆ ಬಂದು, ಹೋಟ್ಲು ಚೆನ್ನಾಗಿದೆ ಸಾರ್ ಆದ್ರೆ ಒಂಥರಾ ಮುಗ್ಗಲು ವಾಸನೆ ಅಂತೀರ. ಸುಣ್ಣದ ಗಾರೆ ಗೋಡೆ ಉಸಿರಾಡುತ್ತೆ, ತೇವ ಹೀರ್ಕೊಳ್ಳುತ್ತೆ, ಗಾಳಿಗೆ ಬಿಡುತ್ತೆ. ಹಗಲೂ ರಾತ್ರಿ ಮುಚ್ಚಿಟ್ಟು ತಣ್ಣಗೆ ಮಾಡಿದ್ರೆ ಆ ತೇವ ಎಲ್ಲಿಗೆ ಹೋಗ್ಬೇಕು? ಬೂಸ್ಟು ಬರುತ್ತೆ. ಕಿಟಕಿ ತೆಗೀರಿ.

ಇದಕ್ಕೊಂದು ಕಥೆ ಇದೆ. 2011ರ ಜನವರಿ. ನಾನು, ನಮ್ಮನೆಯವರು, ನನ್ನ ಭಾವಮೈದ, ಅವನ ಹೆಂಡ್ತಿ, ನಾಲ್ಕೂ ಜನ ಹೋಗಿದ್ವಿ. ಭಾವಮೈದ ಸಾಫ್ಟ್‌ವೇರು, ವೈಟ್‌ಫೀಲ್ಡು, ಅಂದ್ರೆ ನಿಮಗೆ ಅರ್ಥವಾಗಿರುತ್ತೆ, ಬೆಳಿಗ್ಗೆ ಏಸಿ ಕಾರು, ಹಗಲು ಏಸಿ ಆಫೀಸು, ರಾತ್ರಿ ಏಸಿ ಮನೆ. ಹೊಸದಾಗಿ ಒಂದು ದೊಡ್ಡ ಕ್ಯಾಮೆರಾ ತಗೊಂಡಿದ್ದ, ಮಗು ಥರ ಎತ್ಕೊಂಡು ಓಡಾಡ್ತಿದ್ದ. ಬಂದಿರೋದೇ ಸೂರ್ಯಾಸ್ತ ತೆಗೆಯಕ್ಕೆ ಭಾವ ಅಂತ ವಿಮಾನದಲ್ಲಿ ಮೂರು ಸಲ ಹೇಳಿದ. ಅಕ್ಕಪಕ್ಕ ಎರಡು ರೂಮು. ನಾನು ಹೋಗಿ ಕಿಟಕಿ ತೆಗೆದೆ, ಗಾಳಿ ಹೆಂಗೆ ನುಗ್ತು ಅಂದ್ರೆ ಟೇಬಲ್ ಮೇಲಿದ್ದ ಪೇಪರೆಲ್ಲ ಬಾತ್‌ರೂಮ್ ಸೇರ್ಕೊಂಡ್ವು. ಇವನ ರೂಮಿಗೆ ಇಣುಕಿದ್ರೆ ಕಿಟಕಿ ಬಂದ್, ಪರದೆ ಬಂದ್, ಬಾಗ್ಲ ಸಂದಿಗೆ ಟವಲ್ ತುರುಕಿದಾನೆ, ಏಸಿ 18ರಲ್ಲಿ. ಕ್ಯಾಮೆರಾ ಏಸಿ ಕೆಳಗೇ ಟೇಬಲ್ ಮೇಲೆ, ತಂಪಾಗಿರ್ಲಿ ಅಂತ! ಲೋ ಮಾರಾಯ, ಸಮುದ್ರ ಅಲ್ಲೇ ಇದೆ ಕಣೋ ಅಂದೆ. ಇಲ್ಲಿಂದ ಸೌಂಡ್ ಕೇಳ್ಸುತ್ತೆ ಬಿಡಿ ಭಾವ ಅಂದ.

ಆ ಹೋಟ್ಲಲ್ಲಿ ಸಮುದ್ರದ ಪಕ್ಕಕ್ಕೆ ಒಂದು ಅಂಗಳ ಇದೆ, ನೆಲ ಚದುರಂಗದ ಮಣೆ ಥರ ಕಪ್ಪು ಬಿಳಿ. ಸಂಜೆ ಎಲ್ಲರೂ ಅಲ್ಲೇ ಕೂರ್ತಾರೆ, ಸೂರ್ಯ ಮುಳುಗೋ ಹೊತ್ತಿಗೆ ಬಾವುಟ ಇಳಿಸೋ ಶಾಸ್ತ್ರ ಇರುತ್ತೆ. ನಾವು ಐದೂವರೆಗೇ ಹೋಗಿ ಕೂತ್ವಿ. ಇವನು ಬರ್ಲಿಲ್ಲ. ನಮ್ಮನೆಯವರು ಎರಡು ಸಲ ಹೋಗಿ ಬಾಗ್ಲು ಬಡಿದ್ರು, ಬಾರೋ ಸೂರ್ಯ ಹೋಗ್ತಾನೆ ಅಂತ. ಎರಡೇ ನಿಮಿಷ ಅಕ್ಕ, ಒಳಗಡೆ ತಂಪಾಗಿದೆ ಅಂದ. ಕೊನೆಗೆ ಬಂದ, ಓಡ್ಕೊಂಡು ಬಂದ, ಬಾಗ್ಲು ದಾಟಿ ವರಾಂಡಕ್ಕೆ ಕಾಲಿಟ್ಟಿದ್ದೇ ತಡ, ಕನ್ನಡಕದ ಎರಡು ಗಾಜಿಗೂ ಮಜ್ಜಿಗೆ ಹುಯ್ದಂಗೆ ಬೆಳ್ಳಗಾಯ್ತು. ಕಣ್ಣು ಕಾಣ್ದೆ ಒಂದು ಬೆತ್ತದ ಕುರ್ಚಿಗೆ ಡಿಕ್ಕಿ ಹೊಡೆದ. ಕನ್ನಡಕ ಒರೆಸ್ಕೊಂಡು ಕ್ಯಾಮೆರಾ ಎತ್ತಿದ್ರೆ ಅದೂ ಬೆಳ್ಳಗೆ. ಶರ್ಟಿಂದ ಒರೆಸಿದ, ಮತ್ತೆ ಬೆಳ್ಳಗಾಯ್ತು. ಮತ್ತೆ ಒರೆಸಿದ, ಮತ್ತೆ ಬೆಳ್ಳಗಾಯ್ತು. ಭಾವ, ಲೆನ್ಸ್ ಹೋಯ್ತು, ನಂಗೆ ಡಿಫೆಕ್ಟ್ ಪೀಸ್ ಕೊಟ್ಟಿದಾರೆ ಅಂತ ಹೆಂಡ್ತಿ ಹತ್ರ ಬಿಲ್ ಎಲ್ಲಿ ಇಟ್ಟಿದೀಯ ಅಂತ ಕೇಳಕ್ಕೆ ಶುರು ಮಾಡ್ಕೊಂಡ.

ಲೆನ್ಸಿಗೇನೂ ಆಗಿರ್ಲಿಲ್ಲ. ಫ್ರಿಜ್ಜಿಂದ ತೆಗೆದ ಬಾಟ್ಲಿ ಮೇಲೆ ನೀರಿನ ಹನಿ ಕೂರಲ್ವಾ, ಅದೇ. ಗಾಜು ತಣ್ಣಗಿದೆ, ಸಮುದ್ರದ ಗಾಳಿ ತುಂಬಾ ತೇವ, ತಗುಲಿದ ಕೂಡ್ಲೇ ನೀರಾಗುತ್ತೆ. ಕ್ಯಾಮೆರಾ ಪೂರ್ತಿ ಬೆಚ್ಚಗಾಗೋವರೆಗೂ ಒರೆಸಿ ಪ್ರಯೋಜನ ಇಲ್ಲ, ಅರ್ಧ ಗಂಟೆ ಬೇಕು. ಇದನ್ನ ನಾನು ಅವನಿಗೆ ವಿವರಿಸ್ತಾ ಇದೀನಿ, ಆ ಕಡೆ ಸೂರ್ಯ ನನ್ನ ಲೆಕ್ಚರ್ ಮುಗೀಲಿ ಅಂತ ಕಾಯ್ತಾನಾ? ಕೊಲಂಬೋ ಭೂಮಧ್ಯ ರೇಖೆಗೆ ಹತ್ರ, ಅಲ್ಲಿ ಸೂರ್ಯ ಓರೆಯಾಗಿ ಜಾರಲ್ಲ, ಕಲ್ಲು ಬಾವಿಗೆ ಹಾಕಿದಂಗೆ ನೆಟ್ಟಗೆ ಇಳೀತಾನೆ. ಬಾವುಟ ಇಳೀತು, ಸೂರ್ಯ ಹೋದ, ಇವನು ಹದಿನಾಲ್ಕು ಫೋಟೋ ತೆಗೆದ, ಹದಿನಾಲ್ಕೂ ಹಾಲು. ನಮ್ಮನೆಯವರ ಹತ್ರ ಒಂದು ಸಣ್ಣ ಮೊಬೈಲ್ ಇತ್ತು, ಕಿಟಕಿ ತೆಗೆದ ರೂಮಲ್ಲಿ ಮಲಗಿದ್ದ ಮೊಬೈಲು, ಅದರಲ್ಲಿ ತೆಗೆದ ಫೋಟೋನೇ ಈಗ್ಲೂ ನಮ್ಮನೆ ಗೋಡೆ ಮೇಲೆ ಇರೋದು. ಅವನು ಮನೆಗೆ ಬಂದಾಗೆಲ್ಲ ಅದರ ಕೆಳಗೇ ಕೂರಿಸ್ತೀನಿ.

ಅವನ ಪರವಾಗಿ ಒಂದು ಮಾತೂ ಹೇಳ್ಬೇಕು, ಇಲ್ದಿದ್ರೆ ಇವತ್ತು ಮಧ್ಯಾಹ್ನ ಫೋನ್ ಬರುತ್ತೆ. ಮಾರನೇ ದಿನ ಬೆಳಿಗ್ಗೆ ನಮ್ಮ ರೂಮಿನ ತೆರೆದ ಕಿಟಕಿಯಿಂದ ಒಂದು ಕಾಗೆ ಬಂತು. ಕೊಲಂಬೋ ಕಾಗೆಗಳಿಗೆ ಯಾವ ಸಂಕೋಚಾನೂ ಇಲ್ಲ. ನಮ್ಮನೆಯವರು ಬೆಂಗ್ಳೂರಿಂದ ಕಟ್ಕೊಂಡು ಬಂದಿದ್ದ ಕೊಡುಬಳೇಲಿ ಒಂದನ್ನ ಕೊಕ್ಕಿಗೆ ಬಳೆ ಥರಾನೇ ಏರಿಸ್ಕೊಂಡು ಹೋಯ್ತು. ಪಕ್ಕದ ರೂಮಿಂದ ಇವನು ಓಡಿ ಬಂದು, ತೆಗೀರಿ ಭಾವ ಕಿಟಕಿ, ಇನ್ನೂ ಚೆನ್ನಾಗಿ ತೆಗೀರಿ ಅಂದ. ಡಬ್ಬದ ಮುಚ್ಚಳ ಹಾಕೋದಕ್ಕೂ ಕಿಟಕಿ ಮುಚ್ಚೋದಕ್ಕೂ ವ್ಯತ್ಯಾಸ ಇದೆ ಅಂತ ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ.

ಆಗ ಆ ಹೋಟ್ಲ ಬಾಗ್ಲಲ್ಲಿ ಡೋರ್‌ಮನ್ ಕುಟ್ಟನ್ ಇನ್ನೂ ಇದ್ರು. ಕೇರಳದಿಂದ ಹೋದೋರು, 1942ರಲ್ಲಿ ಆ ಹೋಟ್ಲಿಗೆ ಕೆಲಸಕ್ಕೆ ಸೇರಿ 2014ರಲ್ಲಿ ತೀರ್ಕೊಳ್ಳೋ ವರ್ಷದವರೆಗೂ ಅಲ್ಲೇ ಇದ್ದೋರು, ಹೆಚ್ಚೂ ಕಮ್ಮಿ ಎಪ್ಪತ್ತೆರಡು ವರ್ಷ. ಬಿಳೀ ಕೋಟು, ದೊಡ್ಡ ಬಿಳೀ ಮೀಸೆ, ಬಂದೋರಿಗೆಲ್ಲ ಕೈ ಮುಗಿದು ಸ್ವಾಗತ. ಹಳೇ ಹೋಟ್ಲಿಗೆ ಹೋದ್ರೆ ಇಂಥ ಹಳೇ ಕೆಲಸಗಾರರನ್ನ ಮಾತಾಡಿಸಿ, ಯಾವ ರೂಮಿಗೆ ಗಾಳಿ ಚೆನ್ನಾಗಿ ಬರುತ್ತೆ ಅಂತ ಅವರಿಗೆ ಗೊತ್ತಿರೋಷ್ಟು ಬುಕಿಂಗ್ ಆಪ್‌ಗೆ ಗೊತ್ತಿಲ್ಲ.

ಸರಿ, ಟೈಮ್ ಆಯ್ತು ಅಂತಿದಾರೆ. ಚೀಟಿ. ನೋಡೋ ಜಾಗ: ಹೋಟ್ಲ ಪಕ್ಕದ ಗಾಲ್ ಫೇಸ್ ಮೈದಾನ. ಸಮುದ್ರದ ಅಂಚಲ್ಲಿ ನಡೆಯೋ ದಾರಿನ 1859ರಲ್ಲಿ ಸರ್ ಹೆನ್ರಿ ವಾರ್ಡ್ ಅನ್ನೋ ಗವರ್ನರ್ ಮುಗಿಸಿ, ಕೊಲಂಬೋದ ಹೆಂಗಸರು ಮಕ್ಕಳ ಸಲುವಾಗಿ ಮುಂದೆ ಬರೋ ಗವರ್ನರ್‌ಗಳು ಇದನ್ನ ನೋಡ್ಕೊಳ್ಳಿ ಅಂತ ಕಲ್ಲಲ್ಲಿ ಕೆತ್ತಿಸಿ ಹೋಗಿದಾನೆ. ಸಂಜೆ ಅಲ್ಲಿ ಗಾಳಿಪಟ ನೋಡಿ. ಗಾಳಿಪಟ ಹಾರುತ್ತೆ ಅಂದ್ರೆ ಗಾಳಿ ಇದೆ ಅಂತ, ಮತ್ತೆ ರೂಮಲ್ಲಿ ಯಾಕೆ ಮುಚ್ಕೊಂಡು ಕೂರ್ತೀರ ಅಂತ ನನ್ನ ಪ್ರಶ್ನೆ. ಊಟ: ಅಪ್ಪ ಅಂತ ಮಾಡ್ತಾರೆ, ನಮ್ಮ ಕೇರಳದ ಅಪ್ಪಂ ಥರ, ಅಂಚು ಗರಿಗರಿ, ಬೆಳಿಗ್ಗೆ ತಿನ್ನಿ. ಸಸ್ಯಾಹಾರಿಗಳು ಹುಷಾರು, ಪೋಲ್ ಸಂಬೋಲ್ ಅಂತ ತೆಂಗಿನಕಾಯಿ ಚಟ್ನಿ ಕೊಡ್ತಾರೆ, ನೋಡಕ್ಕೆ ನಮ್ಮ ಕೆಂಪು ಚಟ್ನಿ, ಒಳಗೆ ಒಣಮೀನಿನ ಪುಡಿ ಇರ್ಬಹುದು, ಕೇಳಿ ಹಾಕಿಸ್ಕೊಳ್ಳಿ. ಮೈದಾನದಲ್ಲಿ ಇಸ್ಸೋ ವಡೆ ಅಂತ ಮಾರ್ತಾರೆ, ಇಸ್ಸೋ ಅಂದ್ರೆ ಸೀಗಡಿ. ಯಾವಾಗ: ಡಿಸೆಂಬರಿಂದ ಮಾರ್ಚ್. ಮೇ ಕೊನೆಯಿಂದ ನಮ್ಮ ಮಂಗ್ಳೂರಿನ ಥರಾನೇ ಕಡಲು ರಂಪ ಮಾಡುತ್ತೆ. ವೀಸಾ: ಹೋಗೋ ಮುಂಚೆ ಅವರ ಸರ್ಕಾರದ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಸೊಳ್ಳೆ: ಪರದೆ ಕೇಳಿ. ಮುಗೀತು.

ಕೊಲಂಬೋ ಬೇಡ, ದೇಶದೊಳಗೇ ಸಾಕು ಅನ್ನೋರಿಗೆ ಮುಂಬೈ ತಾಜ್ ಇದೆ, ಜಮ್‌ಶೆಟ್‌ಜಿ ಟಾಟಾ ಕಟ್ಟಿಸಿದ್ದು, 1903ರ ಡಿಸೆಂಬರ್ 16ಕ್ಕೆ ಶುರುವಾಯ್ತು, ಎದುರಿನ ಗೇಟ್‌ವೇ ಆಗ ಇರ್ಲೇ ಇಲ್ಲ, ಅದು ಮುಗಿದಿದ್ದು 1924ರಲ್ಲಿ. ಆ ಹೋಟ್ಲನ್ನ ತಪ್ಪಾಗಿ ಹಿಂದುಮುಂದಾಗಿ ಕಟ್ಬಿಟ್ರು ಅಂತ ಒಂದು ಕಥೆ ಹೇಳ್ತಾರೆ, ನಂಬ್ಬೇಡಿ. ಅದರ ಬಗ್ಗೆ ಹೇಳಕ್ಕೆ ಇನ್ನೊಂದು ಹತ್ತು ನಿಮಿಷ ಬೇಕು, ಕೊಡಲ್ಲ ಅಂತಿದಾರೆ. ರೂಮ್ ಬುಕ್ ಮಾಡೋವಾಗ ಫೋನಲ್ಲಿ ವೈಫೈ ಇದೆಯಾ, ಬ್ರೇಕ್‌ಫಾಸ್ಟ್ ಫ್ರೀನಾ ಅಂತ ಆಮೇಲೆ ಕೇಳಿ. ಮೊದ್ಲು ಕೇಳಿ, ನಿಮ್ಮ ರೂಮಿನ ಕಿಟಕಿ ತೆಗೆಯಕ್ಕೆ ಬರುತ್ತಾ ಅಂತ. ಬರಲ್ಲ ಅಂದ್ರೆ ಬೇರೆ ರೂಮ್ ಕೊಡಿ ಅನ್ನಿ. ನಮಸ್ಕಾರ.