ಕಾಲುಚೀಲ ಹಾಕಿ ತೋರಿಸಿ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಮಾತು ಶುರುಮಾಡುತ್ತಿದ್ದೇನೆ, ಸಹಿಸಿಕೊಳ್ಳಿ.

"ನಮ್ಮ ರಾಜ್ಯದಲ್ಲಿ ಒಳ್ಳೆಯ ನೋವು ತಜ್ಞರು ಯಾರಿದ್ದಾರೆ?" ಎಂದು ಕೇಳುವವರ ದನಿಯನ್ನು ಗಮನಿಸಿದ್ದೀರಾ? ಕೇಳುವ ಹೊತ್ತಿಗೆ ಅವರು ಮೂಳೆಯವರ ಬಳಿ, ನರದವರ ಬಳಿ ಸುತ್ತಿ ಸುಸ್ತಾಗಿರುತ್ತಾರೆ. ಕಂಕುಳಲ್ಲಿ ಸ್ಕ್ಯಾನುಗಳ ದಪ್ಪ ಕಟ್ಟು. "ಏನೂ ಇಲ್ಲ, ಎಲ್ಲ ಸರಿಯಿದೆ" ಎಂಬ ಮಾತು ಕೇಳಿ ಕೇಳಿ, ತಮ್ಮ ನೋವಿನ ಮೇಲೆ ತಮಗೇ ಅನುಮಾನ. ನೋವು ತಜ್ಞರೆಂದರೆ ನೋವಿನ ಚಿಕಿತ್ಸೆಯಲ್ಲೇ ಪ್ರತ್ಯೇಕ ತರಬೇತಿ ಪಡೆದ ವೈದ್ಯರು. ಮೊದಲೇ ಹೋಗಬೇಕಾದ ಈ ಬಾಗಿಲನ್ನು ಜನ ಕೊನೆಗೆ ತಟ್ಟುತ್ತಾರೆ, ಏಕೆಂದರೆ ಅಂಥ ಬಾಗಿಲೊಂದು ಇದೆ ಎಂದು ಯಾರೂ ಹೇಳಿರುವುದಿಲ್ಲ.

ನಾನೂ ಆ ಕಟ್ಟು ಹೊತ್ತು ತಿರುಗಿದವನೇ. ಸೊಂಟ ನೋವು, ಎರಡು ವರ್ಷ. ಮೊದಲು ಹೋದ ಕಡೆ ದೊಡ್ಡ ಅಕ್ಷರದ ಫಲಕವಿತ್ತು. ಒಳಗಿದ್ದವರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿದೆ ಎಂದರು, ಇಂಜೆಕ್ಷನ್‌ಗೆ ದಿನ ಗೊತ್ತುಮಾಡಿದರು. ನನ್ನ ಬೆನ್ನನ್ನು ಮುಟ್ಟಲೇ ಇಲ್ಲ. ಆಮೇಲೆ ಓದಿ ತಿಳಿದದ್ದು ಇದು: 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯ ಪ್ರಕಾರ, ನೋವೇ ಇಲ್ಲದ 20ರ ವಯಸ್ಸಿನವರಲ್ಲಿ ಕೂಡ ನೂರಕ್ಕೆ 37 ಮಂದಿಯ ಸ್ಕ್ಯಾನಿನಲ್ಲಿ ಡಿಸ್ಕ್ ಸವೆದ ಗುರುತು ಕಾಣುತ್ತದೆ. 80ರವರಲ್ಲಿ 96. ಅಂದರೆ ಸವೆತ ಕಂಡಿತೆಂದ ಮಾತ್ರಕ್ಕೆ ನೋವಿನ ಬೇರು ಸಿಕ್ಕಿತು ಎನ್ನುವಂತಿಲ್ಲ.

ಎರಡನೆಯ ವೈದ್ಯೆ ನನ್ನ ಕಟ್ಟನ್ನು ಬಿಚ್ಚದೆ ಮೇಜಿನ ಅಂಚಿಗೆ ಸರಿಸಿದರು. "ಕಾಲುಚೀಲ ಹಾಕಿ ತೋರಿಸಿ" ಎಂದರು. ನಾನು ಕುರ್ಚಿಯಲ್ಲಿ ಕುಳಿತು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಬಲತೊಡೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಹಾಕಿಕೊಂಡೆ. ಅವರು ಗಡಿಯಾರ ನೋಡದೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಬೆರಳಿನಿಂದ ಬೆನ್ನುಮೂಳೆಯ ಪಕ್ಕ ಒತ್ತುತ್ತಾ ಹೋದರು. ಒಂದು ಕಡೆ ನಾನು ಬೆಚ್ಚಿಬಿದ್ದೆ. ನಿದ್ದೆ ಹೇಗಿದೆ, ಏನು ಮಾಡುವುದನ್ನು ಬಿಟ್ಟಿದ್ದೀರಿ, ಯಾವುದಕ್ಕೆ ಹೆದರುತ್ತೀರಿ ಎಂದೆಲ್ಲ ಕೇಳಿದರು. ಸೂಜಿಯ ಮಾತು ಬಂದದ್ದು ಮೂರನೆಯ ಭೇಟಿಯಲ್ಲಿ.

ಹಾಗಾಗಿ ತಜ್ಞರನ್ನು ಹುಡುಕುವಾಗ ಫಲಕ ನೋಡಬೇಡಿ, ಫಲಕವನ್ನು ಯಾರು ಬೇಕಾದರೂ ತೂಗುಹಾಕಬಹುದು. ರಾಜ್ಯದ ವೈದ್ಯಕೀಯ ಮಂಡಳಿಯಲ್ಲಿ ಅವರ ನೋಂದಣಿ ಇದೆಯೇ, ನೋವಿನ ಚಿಕಿತ್ಸೆಯಲ್ಲೇ ಪ್ರತ್ಯೇಕ ತರಬೇತಿ ಆಗಿದೆಯೇ, ಎಲ್ಲಿ, ಎಷ್ಟು ಕಾಲ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅದೂ ಒಂದು ಉತ್ತರವೇ. ಇವರಲ್ಲಿ ಬಹಳ ಮಂದಿ ಅರಿವಳಿಕೆ ವಿಭಾಗದಿಂದ ಬಂದವರು. ಅದರಲ್ಲಿ ಅಚ್ಚರಿಯಿಲ್ಲ, 1973ರಲ್ಲಿ ನೋವಿನ ಅಧ್ಯಯನಕ್ಕೆ ಅಂತರರಾಷ್ಟ್ರೀಯ ಸಂಘ ಕಟ್ಟಿದ ಜಾನ್ ಬೊನಿಕಾ ಕೂಡ ಅರಿವಳಿಕೆ ವೈದ್ಯರೇ. ಅವರು ಕುಸ್ತಿಪಟುವೂ ಆಗಿದ್ದರು, ಮೈಯೆಲ್ಲ ಪೆಟ್ಟು ತಿಂದವರು. ನೋವನ್ನು ಒಬ್ಬ ವೈದ್ಯರಿಂದ ನಿಭಾಯಿಸಲಾಗದು, ಹಲವರು ಒಟ್ಟಿಗೆ ಕೂತು ನೋಡಬೇಕು ಎಂದು ಹಟ ಹಿಡಿದವರು ಅವರು. ಆದ್ದರಿಂದಲೇ ಇನ್ನೊಂದು ಪ್ರಶ್ನೆ: ನಿಮ್ಮ ಜೊತೆ ಫಿಸಿಯೋಥೆರಪಿಸ್ಟ್ ಇದ್ದಾರೆಯೇ, ಮನಶ್ಶಾಸ್ತ್ರಜ್ಞರಿದ್ದಾರೆಯೇ? ಮನಶ್ಶಾಸ್ತ್ರಜ್ಞ ಎಂದ ಕೂಡಲೇ "ನನ್ನ ನೋವು ಸುಳ್ಳು ಎನ್ನುತ್ತೀರಾ" ಎಂದು ಮುನಿಸಿಕೊಳ್ಳಬೇಡಿ. ಮೂರು ತಿಂಗಳು ದಾಟಿದ ನೋವು ನಿದ್ದೆ, ಭಯ, ಚಲನೆ ಎಲ್ಲದರೊಳಗೂ ಬೇರು ಬಿಟ್ಟಿರುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಜಾಗವಿದೆ.

ಇಂಜೆಕ್ಷನ್ ಎಂದರೆ ಮೋಸ ಎಂದು ನಾನು ಹೇಳುತ್ತಿಲ್ಲ. ಅನುಮಾನವಿರುವ ನರಕ್ಕೆ ಮೊದಲು ಸ್ವಲ್ಪ ಮರಗಟ್ಟಿಸುವ ಔಷಧ ಕೊಟ್ಟು, ಕೆಲವು ಗಂಟೆ ನೋವು ಇಳಿಯುತ್ತದೆಯೇ ಎಂದು ಪರೀಕ್ಷಿಸಿ, ಆಮೇಲೆ ಮುಂದಿನ ಹೆಜ್ಜೆ ಇಡುವವರಿದ್ದಾರೆ. ಅದು ಸರಿಯಾದ ದಾರಿ. ಮೊದಲ ದಿನವೇ "ಪೂರ್ತಿ ವಾಸಿ ಮಾಡುತ್ತೇನೆ" ಎನ್ನುವವರಿಂದ ದೂರವಿರಿ.

ಒಂದು ಎಚ್ಚರಿಕೆ. ಬೆನ್ನುನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಸಿದರೆ, ತಜ್ಞರ ಹುಡುಕಾಟ ಬಿಟ್ಟು ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ಉಳಿದವರು, ತಜ್ಞರು ದೂರದ ಊರಿನಲ್ಲಿದ್ದರೆ, ಹೊರಡುವ ಮೊದಲು ಒಂದು ಫೋನ್ ಮಾಡಿ. ಮೊದಲ ಭೇಟಿಗೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ಕೇಳಿ. ಹತ್ತು ನಿಮಿಷ ಎಂದರೆ ಮುಂದಿನ ಸಂಖ್ಯೆಗೆ ಫೋನ್ ಮಾಡಿ.