ನೀರಿನ ಮೇಲೆ ಸಂಸಾರ

ಕೇಳುಗರಿಗೆ ನಮಸ್ಕಾರ.

15ನೇ ಶತಮಾನದ ಮೊದಲ ಭಾಗದಲ್ಲಿ ನಿಕೊಲೊ ದೆ ಕಾಂತಿ ಎಂಬ ವ್ಯಾಪಾರಿ ವಿಜಯನಗರಕ್ಕೆ ಬಂದು ಹೋದ. ಪಟ್ಟಣದ ಸುತ್ತಳತೆ 60 ಮೈಲಿ, ಅರಸನಿಗೆ 12,000 ಹೆಂಡಿರು ಎಂದು ತನ್ನ ದೇಶಕ್ಕೆ ಮರಳಿ ಹೇಳಿದ. ಪೇಟೆಗೆ ಸೌದೆ ಯಾರು ಹೊತ್ತು ತರುತ್ತಿದ್ದರು, ಕಾಲುವೆಯ ಹೂಳು ಯಾರು ತೆಗೆಯುತ್ತಿದ್ದರು ಎಂಬ ಮಾತು ಅವನ ವರ್ಣನೆಯಲ್ಲಿ ಇಲ್ಲ. ಬಂದವರ ಕಣ್ಣಿಗೆ ಉತ್ಸವ ಕಾಣುತ್ತದೆ, ಅಡುಗೆಮನೆ ಕಾಣುವುದಿಲ್ಲ. ಈ ಕಾಂತಿ ವೆನಿಸ್ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾದವನು. ಇವತ್ತು ನಮ್ಮವರು ಅವನ ಸೀಮೆಗೆ ಹೋಗುತ್ತಾರೆ, ಅವನು ಹಂಪೆಯನ್ನು ನೋಡಿದಂತೆಯೇ ವೆನಿಸ್ಸನ್ನು ನೋಡಿ ಬರುತ್ತಾರೆ. ಅದರ ಅಡುಗೆಮನೆಯ ಕಡೆ ಸ್ವಲ್ಪ ಹೋಗೋಣ.

ಮೊದಲು ದಿನಸಿ. ಊರಿನ ಪಶ್ಚಿಮ ಅಂಚಿನ ಪಿಯಾತ್ಸಾಲೆ ರೋಮಾದವರೆಗೆ ಮಾತ್ರ ಬಸ್ಸು, ಕಾರು. ಅಲ್ಲಿಂದ ಮುಂದೆ ಚಕ್ರದ ವಾಹನವಿಲ್ಲ, ಸೈಕಲ್ಲಿಗೂ ಅನುಮತಿಯಿಲ್ಲ. ಹಾಲು, ಸಿಮೆಂಟು, ಹೋಟೆಲಿನ ಒಗೆದ ಹಾಸಿಗೆ ಬಟ್ಟೆ, ಫ್ರಿಜ್ಜು ಎಲ್ಲವೂ ಲಾರಿಯಿಂದ ಸರಕು ದೋಣಿಗೆ ಇಳಿದು, ಬೆಳಗಿನ ಜಾವ ಕಾಲುವೆಯಲ್ಲಿ ಸಾಗಿ, ಗಮ್ಯಕ್ಕೆ ಹತ್ತಿರದ ಕಟ್ಟೆಯಲ್ಲಿ ಕೈಗಾಡಿಗೆ ಏರುತ್ತವೆ. ಆ ಕೈಗಾಡಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಎರಡು ಚಿಕ್ಕವು. ಸೇತುವೆಯ ಮೆಟ್ಟಿಲು ಬಂದಾಗ ಚಿಕ್ಕ ಚಕ್ರವನ್ನು ಮೇಲಿನ ಮೆಟ್ಟಿಲಿಗೆ ಊರಿ, ಹಿಡಿಕೆ ಎತ್ತಿ, ದೊಡ್ಡ ಚಕ್ರವನ್ನು ಮೇಲಕ್ಕೆ ಹತ್ತಿಸುತ್ತಾರೆ. ಹೀಗೆ ಮೆಟ್ಟಿಲು ಮೆಟ್ಟಿಲಿಗೂ. ಊರಲ್ಲಿ ಸೇತುವೆಗಳು ನಾನೂರಕ್ಕೂ ಹೆಚ್ಚು, ಬಹುಪಾಲಿಗೆ ಮೆಟ್ಟಿಲೇ ಗತಿ. ಇಷ್ಟು ಕೈಗಳು ದಾಟಿ ಬಂದ ಸಾಮಾನಿನ ಬೆಲೆ ಏರದೆ ಇರುತ್ತದೆಯೇ? ಆಂಬುಲೆನ್ಸು, ಅಗ್ನಿಶಾಮಕ ದಳ ಕೂಡ ದೋಣಿಯಲ್ಲೇ ಬರಬೇಕು. ಕೊನೆಗೆ ಸ್ಯಾನ್ ಮಿಕೇಲೆ ದ್ವೀಪದ ಸ್ಮಶಾನಕ್ಕೆ ಹೋಗುವುದೂ ದೋಣಿಯಲ್ಲೇ.

ಕಸದ ವಿಷಯ ಇನ್ನೊಂದು. ರಾತ್ರಿ ಬಾಗಿಲ ಮುಂದೆ ಚೀಲ ಇಟ್ಟರೆ ಕಡಲಕ್ಕಿಗಳೂ ಇಲಿಗಳೂ ಹರಿದು ಹಾಕುತ್ತವೆ. ಹಾಗಾಗಿ ಬೆಳಿಗ್ಗೆ ಸುಮಾರು ಆರೂವರೆಯಿಂದ ಎಂಟೂವರೆಯೊಳಗೆ ಕಸದ ದೋಣಿಯವರೆಗೆ ತಾವೇ ಒಯ್ಯಬೇಕು, ಇಲ್ಲವೇ ಆಮೇಲೆ ಮನೆಬಾಗಿಲಿಗೆ ಬರುವವರ ಕೈಗೆ ಕೊಡಬೇಕು. ಬಾಡಿಗೆ ಮನೆ ಹಿಡಿದ ಪ್ರವಾಸಿ ಹನ್ನೊಂದಕ್ಕೆ ಎದ್ದು ಚೀಲವನ್ನು ಓಣಿಯಲ್ಲಿ ಬಿಟ್ಟು ಹೋದರೆ ಅದನ್ನು ಬಾಚುವುದು ಪಕ್ಕದ ಮನೆಯವರ ಪಾಲಿಗೆ ಬರುತ್ತದೆ.

ಗೊಂಡೊಲಾ ನಿಜಕ್ಕೂ ಕೈಕೆಲಸದ ಅದ್ಭುತ, ಅದರ ಬಗ್ಗೆ ಎರಡು ಮಾತಿಲ್ಲ. ಎಂಟು ಜಾತಿಯ ಮರ, 280 ಬಿಡಿಭಾಗ, ಹನ್ನೊಂದು ಮೀಟರಿನಷ್ಟು ಉದ್ದ. ಎಡಬದಿ ಬಲಬದಿಗಿಂತ 24 ಸೆಂ.ಮೀ. ಅಗಲ, ನಾವಿಕ ಬಲಕ್ಕೆ ಮಾತ್ರ ಹುಟ್ಟು ಹಾಕಿದರೂ ದೋಣಿ ಸುತ್ತದೆ ನೇರ ಹೋಗುವುದು ಈ ಸೊಟ್ಟತನದಿಂದಲೇ. ಆದರೆ ಅರ್ಧ ಗಂಟೆಗೆ 90 ಯೂರೊ ಕೊಟ್ಟು ಅದರಲ್ಲಿ ಕೂರುವುದು ಪ್ರವಾಸಿಗರು. ದರ ದೋಣಿಗೆ, ತಲೆಗಲ್ಲ. ಐದು ಮಂದಿ ಹಂಚಿಕೊಳ್ಳಬಹುದು. ಸ್ಥಳೀಯರು ಸಂತೆಗೆ ಹೋಗುವಾಗ ಏರುವುದು ತ್ರಾಗೆತ್ತೊ ಎಂಬ ಕಡವಿನ ದೋಣಿ. ಅದೂ ಗೊಂಡೊಲಾ ಜಾತಿಯದೇ, ಇಬ್ಬರು ಹುಟ್ಟು ಹಾಕುತ್ತಾರೆ, ದೊಡ್ಡ ಕಾಲುವೆಯನ್ನು ಅಡ್ಡ ದಾಟಿಸುತ್ತಾರೆ. ಹೊರಗಿನವರಿಗೆ 2 ಯೂರೊ. ರಿಯಾಲ್ತೊ ಮಾರುಕಟ್ಟೆಯ ಎದುರಿನ ಸಾಂತಾ ಸೊಫಿಯಾ ಕಡವು ಹುಡುಕಲು ಸುಲಭ.

ಈಗ ನೀರು. ಮುಳುಗಿದ ಚೌಕದಲ್ಲಿ ಬೂಟು ಹಾಕಿ ತೆಗೆದ ಫೋಟೊ ಚೆಂದ. ಮನೆಯ ಒಳಗಿಂದ ನೋಡಿದರೆ ಅದು ಬೇರೆ. ಶರತ್ಕಾಲದಲ್ಲಿ, ಅಮಾವಾಸ್ಯೆ ಹುಣ್ಣಿಮೆಯ ಉಬ್ಬರಕ್ಕೆ ಆಗ್ನೇಯದ ಶಿರೊಕ್ಕೊ ಗಾಳಿ ಸೇರಿ ಕಡಲನ್ನು ಒಳಕ್ಕೆ ತಳ್ಳಿದಾಗ ನೀರು ಏರುತ್ತದೆ. ಸೈರನ್ನು ಮೊದಲು ಎಚ್ಚರಿಸುತ್ತದೆ, ಆಮೇಲೆ ಒಂದು ಸ್ವರ ಕೇಳಿದರೆ ನೀರು 1897ರ ಸರಾಸರಿ ಮಟ್ಟಕ್ಕಿಂತ 110 ಸೆಂ.ಮೀ. ಮೇಲೆ ಏರಲಿದೆ ಎಂದರ್ಥ, ಎರಡಾದರೆ 120, ಮೂರಾದರೆ 130, ನಾಲ್ಕಾದರೆ 140 ಅಥವಾ ಮೇಲೆ. ಅಂಗಡಿಯವರು ಬಾಗಿಲ ಚೌಕಟ್ಟಿಗೆ ಲೋಹದ ತಡೆಹಲಗೆ ಇಳಿಸಿ, ಕೆಳಗಿನ ಸಾಲಿನ ಸರಕನ್ನು ಮೇಲೆ ಏರಿಸುತ್ತಾರೆ. 2019ರ ನವೆಂಬರ್ 12ರಂದು ನೀರು ಸುಮಾರು 187 ಸೆಂ.ಮೀ. ಮುಟ್ಟಿತು, 1966ರ 194ರ ನಂತರ ಅದೇ ದೊಡ್ಡದು.

2020ರ ಅಕ್ಟೋಬರ್ 3ರಿಂದ ಮೋಸೆ ಎಂಬ ತಡೆಗೇಟುಗಳು ಕೆಲಸ ಮಾಡುತ್ತಿವೆ. ಕಡಲು ಹಿನ್ನೀರಿಗೆ ಒಳಬರುವ ಮೂರು ಅಳಿವೆಗಳಲ್ಲಿ 78 ಗೇಟು. ನೀರು ತುಂಬಿ ತಳದಲ್ಲಿ ಮಲಗಿರುತ್ತವೆ, ಒಳಗೆ ಗಾಳಿ ತುಂಬಿ ಆ ನೀರನ್ನು ಹೊರಹಾಕಿದಾಗ ಎದ್ದು ನಿಲ್ಲುತ್ತವೆ. ಮೂರರಲ್ಲಿ ಒಂದು ನಮ್ಮ ಕಾಂತಿಯ ಕಿಯೊಜ್ಜಾದ ಬಾಯಲ್ಲೇ ಇದೆ. ಇದು ಊರಿಗೆ ಜೀವ ಬರಿಸಿದ ಕೆಲಸ. ಆದರೂ ಗೇಟು ಏಳುವುದು ಸಾಮಾನ್ಯವಾಗಿ 110ರ ಮುನ್ಸೂಚನೆ ಇದ್ದಾಗ. ಸಂತ ಮಾರ್ಕನ ಚೌಕ 90 ಸೆಂ.ಮೀ. ಮುಟ್ಟುವ ಮೊದಲೇ ಒದ್ದೆಯಾಗುತ್ತದೆ. ಗೇಟು ಎದ್ದಷ್ಟು ಹೊತ್ತು ಹಡಗುಗಳ ಓಡಾಟಕ್ಕೂ ಅಡ್ಡಿಯಾಗುತ್ತದೆ.

ನೀರು ಇಳಿದ ಮೇಲೆಯೇ ನಿಜವಾದ ಹಾನಿ ಶುರು. ಹಳೆಯ ಕಟ್ಟಡಗಳ ಬುಡದಲ್ಲಿ ಇಸ್ಟ್ರಿಯಾದ ಬಿಳಿಕಲ್ಲು ಇದೆ, ಅದು ನೀರು ಹೀರುವುದಿಲ್ಲ. ಅದರ ಮೇಲೆ ಇಟ್ಟಿಗೆ. 1897ರ ಮಟ್ಟಕ್ಕಿಂತ ಇಂದಿನ ಸರಾಸರಿ ನೀರು 30 ಸೆಂ.ಮೀ.ಗೂ ಹೆಚ್ಚು ಮೇಲಿದೆ. ಕಡಲು ಏರಿತು, ಜೊತೆಗೆ ಎದುರು ದಡದ ಮಾರ್ಗೇರಾ ಕಾರ್ಖಾನೆಗಳು ಅಂತರ್ಜಲ ಎತ್ತಿ ನೆಲವೂ ಕುಸಿಯಿತು. ಹಾಗಾಗಿ ನೀರು ಕಲ್ಲು ದಾಟಿ ಇಟ್ಟಿಗೆಗೆ ತಾಗುತ್ತದೆ. ಇಟ್ಟಿಗೆ ದೀಪದ ಬತ್ತಿಯಂತೆ ಉಪ್ಪುನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆರಿದಾಗ ಉಪ್ಪು ಇಟ್ಟಿಗೆಯ ರಂಧ್ರದಲ್ಲೇ ಹರಳುಗಟ್ಟಿ ಉಬ್ಬಿ, ಇಟ್ಟಿಗೆ ಬೆರಳಿಗೆ ಪುಡಿಯಾಗಿ ಉದುರುತ್ತದೆ. ಅವಸರಕ್ಕೆ ಸಿಮೆಂಟು ಗಾರೆ ಬಳಿದರೆ ಇನ್ನೂ ಕೆಡುತ್ತದೆ. ಹೊರಬರಲು ದಾರಿಯಿಲ್ಲದ ತೇವ ಇನ್ನಷ್ಟು ಮೇಲೆ ಹತ್ತುತ್ತದೆ. ಸರಿಯಾದ ರಿಪೇರಿಗೆ ಅಲ್ಲಿನ ಮೇಸ್ತ್ರಿಗಳ ಮಾತು ‘ಸ್ಕೂಚಿ ಕೂಚಿ’, ಅಂದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದು. ಗೋಡೆ ಕುಸಿಯದಂತೆ ಒಮ್ಮೆಗೆ ಕೆಲವೇ ಹಳೆಯ ಇಟ್ಟಿಗೆ ತೆಗೆದು, ಹೊಸದನ್ನು ಕೂರಿಸಿ, ಸುಣ್ಣದ ಗಾರೆ ತುಂಬಿ, ಪಕ್ಕಕ್ಕೆ ಸರಿಯುತ್ತಾರೆ. ಖರ್ಚು ಮನೆಯವರದು.

1951ರಲ್ಲಿ ಈ ದ್ವೀಪಗಳ ಹಳೆಯ ಊರಲ್ಲಿ ಸುಮಾರು 1,75,000 ಜನ ಇದ್ದರು. 2022ರಲ್ಲಿ ಆ ಸಂಖ್ಯೆ 50,000ದ ಕೆಳಗೆ ಇಳಿಯಿತು. ಮನೆಗಳು ಪ್ರವಾಸಿ ಬಾಡಿಗೆಗೆ ಹೋದವು, ರೊಟ್ಟಿ ಅಂಗಡಿ ಇದ್ದಲ್ಲಿ ಮುಖವಾಡ ಮಾರುವ ಅಂಗಡಿ ಬಂತು. 2024ರ ಏಪ್ರಿಲ್ 25ರಿಂದ ಕೆಲವು ದಿನಗಳಲ್ಲಿ, ಬಂದು ಅದೇ ದಿನ ಮರಳುವವರಿಗೆ ಪ್ರವೇಶ ಶುಲ್ಕ ಹಾಕಿದ್ದಾರೆ, ಮೊದಲ ವರ್ಷ ಅದು 5 ಯೂರೊ ಇತ್ತು. ಈ ಶುಲ್ಕದಿಂದ ರೊಟ್ಟಿ ಅಂಗಡಿ ಮರಳಿ ಬರುವುದಿಲ್ಲ. ಪ್ರವಾಸಿ ಬಾಡಿಗೆಗೆ ಮಿತಿ ಬೇಕು ಎನ್ನುವ ನಿವಾಸಿಗಳ ಮಾತೇ ಸರಿ.

ಹೋಗುವವರು ಒಂದು ರಾತ್ರಿಯಾದರೂ ಅಲ್ಲೇ ತಂಗಿ, ನಿಮ್ಮ ಕೈಯಲ್ಲಿ ಎತ್ತಲಾಗುವಷ್ಟೇ ಸಾಮಾನು ಒಯ್ಯಿರಿ, ಓಣಿಯಲ್ಲಿ ಬಲಗಡೆ ನಡೆಯಿರಿ, ಸೇತುವೆಯ ಮೆಟ್ಟಿಲ ಮೇಲೆ ಕೂತು ಊಟ ಬಿಚ್ಚಬೇಡಿ. ಹಿಂದಿನಿಂದ ‘ಅತ್ತೆನ್ತ್ಸಿಯೋನೆ!’, ಅಂದರೆ ‘ಎಚ್ಚರ!’, ಎಂಬ ಕೂಗು ಕೇಳಿದರೆ ಕ್ಯಾಮೆರಾ ಇಳಿಸಿ ಗೋಡೆಗೆ ಒರಗಿ ನಿಲ್ಲಿ. ಯಾರದೋ ಮನೆಯ ವಾಷಿಂಗ್ ಮಷೀನು ಕೈಗಾಡಿಯಲ್ಲಿ ಬರುತ್ತಿರುತ್ತದೆ, ಅದು ಇನ್ನೂ ಎರಡು ಸೇತುವೆ ಹತ್ತಿ ಇಳಿಯಬೇಕಿರುತ್ತದೆ.